ಓರಿಯನ್‌ನ ಧೂಳಿನ ತಟ್ಟೆಗಳನ್ನು ತೂಗುವಾಗ ಎಡವುವ ಜಾಗಗಳು

ಓರಿಯನ್ ನೀಹಾರಿಕೆಯ ನಡುವಿರುವ ಥೀಟಾ-1 ಓರಿಯಾನಿಸ್ ಸಿ, ಸೂರ್ಯನ 30 ಪಟ್ಟಿಗೂ ಹೆಚ್ಚು ದ್ರವ್ಯರಾಶಿಯ ಎಳೆಯ ನಕ್ಷತ್ರ. ಅದರ ನೇರಳಾತೀತ ಬೆಳಕು ಅಕ್ಕಪಕ್ಕದ ಪುಟ್ಟ ನಕ್ಷತ್ರಗಳ ಸುತ್ತಲಿನ ತಟ್ಟೆಗಳನ್ನು, ಅಂದರೆ ಗ್ರಹಗಳಾಗಬೇಕಾದ ಸರಕನ್ನೇ, ಕಾಯಿಸಿ ಹಾರಿಸುತ್ತದೆ. ಹಬಲ್ ಚಿತ್ರಗಳಲ್ಲಿ ಬಾಲವಿರುವ ಹನಿಗಳಂತೆ ಕಾಣುವ ಪ್ರೊಪ್ಲಿಡ್‌ಗಳು ಇವೇ. ಇವುಗಳಲ್ಲಿ ಉಳಿದಿರುವ ಧೂಳನ್ನು ಆಲ್ಮಾ (ಚಿಲಿಯಲ್ಲಿರುವ, ಮಿಲಿಮೀಟರ್ ತರಂಗಗಳನ್ನು ಹಿಡಿಯುವ ದೂರದರ್ಶಕಗಳ ಸಮೂಹ) ದತ್ತಾಂಶದಿಂದ ಲೆಕ್ಕ ಹಾಕಲು ಹೊರಟವರಿಗೆ ಈ ಮಾತು.

ಮಿಲಿಮೀಟರ್ ತರಂಗದಲ್ಲಿ ಬರುವುದೆಲ್ಲ ಧೂಳಿನದಲ್ಲ. ತಟ್ಟೆಯಿಂದ ಎದ್ದುಹೋಗುತ್ತಿರುವ ಅಯಾನೀಕೃತ ಅನಿಲವೂ ಫ್ರೀ-ಫ್ರೀ ವಿಕಿರಣ (ಬಿಡಿ ಎಲೆಕ್ಟ್ರಾನುಗಳು ಅಯಾನುಗಳ ಪಕ್ಕ ಹಾಯುವಾಗ ಹೊಮ್ಮುವ ಬೆಳಕು) ಸೂಸುತ್ತದೆ. ಆವೃತ್ತಿ ಏರಿದಂತೆ ಧೂಳಿನ ಹೊಳಪು ಸರ್ರನೆ ಏರುತ್ತದೆ. ಫ್ರೀ-ಫ್ರೀ ಮಾತ್ರ ಆವೃತ್ತಿಯ -0.1 ಘಾತದಲ್ಲಿ, ಹೆಚ್ಚುಕಡಿಮೆ ಸಪಾಟಾಗಿ ಸಾಗುತ್ತದೆ. ಒಂದು ಲೆಕ್ಕ ನೋಡಿ: 23 ಗಿಗಾಹರ್ಟ್ಸ್‌ನಲ್ಲಿ 10 ಮಿಲಿಜಾನ್ಸ್ಕಿ (ರೇಡಿಯೊ ಹೊಳಪಿನ ಅಳತೆ) ಫ್ರೀ-ಫ್ರೀ ಇದ್ದರೆ 350 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 7.6. ಅಲ್ಲಿ ಒಟ್ಟು 20 ಅಳೆದಿದ್ದರೆ ಧೂಳಿನ ಪಾಲು 12.4 ಅಷ್ಟೇ. ಕಳೆಯದೆ ಬಿಟ್ಟರೆ ಧೂಳು ಶೇ. 60ರಷ್ಟು ಹೆಚ್ಚಾಗಿ ಕಾಣುತ್ತದೆ. ಫ್ರೀ-ಫ್ರೀಗೆ ಆಧಾರವಾದ ಸೆಂಟಿಮೀಟರ್ ತರಂಗದ ಅಳತೆ ಒಂದೇ ಆವೃತ್ತಿಯದ್ದಾದರೆ ನಂಬಬೇಡಿ. ಕೆಳ ಆವೃತ್ತಿಯಲ್ಲಿ ದಟ್ಟ ಅನಿಲ ಅಪಾರದರ್ಶಕವಾಗುವುದರಿಂದ ಅಲ್ಲಿಂದ ಎಳೆದ ಗೆರೆ ಫ್ರೀ-ಫ್ರೀಯನ್ನು ಕಡಿಮೆ ತೋರಿಸುತ್ತದೆ. ಹೊಳಪನ್ನು ಆಗಾಗ ಏರಿಳಿಸುವ, ಎಳೆಯ ನಕ್ಷತ್ರಗಳ ಕಾಂತೀಯ ಜ್ವಾಲೆಗಳ ಕಾಟ ಬೇರೆ. ಬೇರೆ ಬೇರೆ ದಿನದ ಅಳತೆಗಳನ್ನು ಜೋಡಿಸುವಾಗ ಜೋಕೆ.

ಹೊಳಪಿನಿಂದ ಧೂಳಿನ ದ್ರವ್ಯರಾಶಿ ಲೆಕ್ಕ ಹಾಕುವಾಗ ತಾಪಮಾನಕ್ಕೆ ಕಣ್ಣುಮುಚ್ಚಿ 20 ಕೆಲ್ವಿನ್ ಹಾಕುವ ಅಭ್ಯಾಸವೂ ಇಲ್ಲಿ ನಡೆಯದು. ಬಿಸಿ ನಕ್ಷತ್ರದ ಪಕ್ಕದ ಧೂಳು 40 ಕೆಲ್ವಿನ್ ಇದ್ದರೆ, 350 ಗಿಗಾಹರ್ಟ್ಸ್‌ನಲ್ಲಿ ಅದೇ ಹೊಳಪಿಗೆ ಸಿಗುವ ದ್ರವ್ಯರಾಶಿ ಎರಡೂವರೆ ಪಟ್ಟು ಕಡಿಮೆ.

ಇನ್ನು ತಟ್ಟೆಗೂ ಬಿಸಿ ನಕ್ಷತ್ರಕ್ಕೂ ನಡುವಿನ ದೂರ. ನೀಹಾರಿಕೆ ನಮ್ಮಿಂದ ಸುಮಾರು 400 ಪಾರ್ಸೆಕ್ (ಒಂದು ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ). ಆಕಾಶದಲ್ಲಿ ಒಂದು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು) ಅಂತರವೆಂದರೆ ಅಲ್ಲಿ 0.12 ಪಾರ್ಸೆಕ್. ಆದರೆ ಇದು ಕನಿಷ್ಠ ದೂರ; ತಟ್ಟೆ ಬಿಸಿ ನಕ್ಷತ್ರಕ್ಕಿಂತ ಮುಂದೆಯೋ ಹಿಂದೆಯೋ ಇರಬಹುದು. ನಿಜವಾದ ದೂರ ಇದರ ಎರಡರಷ್ಟಿದ್ದರೆ ಬೀಳುವ ನೇರಳಾತೀತ ಬೆಳಕು ಕಾಲು ಭಾಗ. ಸಾಲದ್ದಕ್ಕೆ ನಕ್ಷತ್ರಗಳು ನಿಂತಲ್ಲಿ ನಿಲ್ಲುವುದಿಲ್ಲ: ಸೆಕೆಂಡಿಗೆ 2 ಕಿಮೀ ವೇಗದಲ್ಲಿ ಹೋಗುವ ನಕ್ಷತ್ರ ಒಂದು ಲಕ್ಷ ವರ್ಷದಲ್ಲಿ 0.2 ಪಾರ್ಸೆಕ್ ದಾಟಿರುತ್ತದೆ. ವರ್ಷಕ್ಕೆ ಸೂರ್ಯನ ದ್ರವ್ಯರಾಶಿಯ ಕೋಟಿಯಲ್ಲೊಂದು ಪಾಲು ಕಳೆದುಕೊಳ್ಳುವ ತಟ್ಟೆಯಲ್ಲಿ ಸೂರ್ಯನ ನೂರರಲ್ಲೊಂದು ಪಾಲು ಸರಕಿದ್ದರೆ, ಅದು ಖಾಲಿಯಾಗಲೂ ಅಷ್ಟೇ ಕಾಲ ಸಾಕು. ಈ ನಕ್ಷತ್ರಗಳ ಗುಚ್ಛಕ್ಕೋ ಹತ್ತು ಲಕ್ಷ ವರ್ಷ ದಾಟಿದೆ; ಆದರೂ ತಟ್ಟೆಗಳು ಉಳಿದಿವೆ. ಇಂದು ಹತ್ತಿರವಿರುವುದು ನಿನ್ನೆ ಮೊನ್ನೆ ಬಂದದ್ದಿರಬಹುದು, ಇಲ್ಲವೇ ಇಷ್ಟು ದಿನ ಅನಿಲದ ಮರೆಯಲ್ಲಿದ್ದಿರಬಹುದು. ಆದ್ದರಿಂದ ದೂರಕ್ಕೆದುರಾಗಿ ದ್ರವ್ಯರಾಶಿ ಗುರುತಿಸಿದ ನಕ್ಷೆಯಲ್ಲಿ ಚುಕ್ಕೆಗಳು ಚೆದುರಿ ಬಿದ್ದರೆ, ಅಳತೆ ಕೆಟ್ಟಿತೆಂದು ಕಿತ್ತುಹಾಕಬೇಡಿ.