ಡಬ್ಬಿಯ ಲೆಕ್ಕ, ಗಡಿಯಾರದ ಲೆಕ್ಕ: ಸಿಯೆರಾ ಹತ್ತುವ ಮುಂಚೆ

ಮರುಭೂಮಿ ಮುಗಿಯಿತು. ಅಮೆರಿಕದ ಪಶ್ಚಿಮ ಭಾಗದ ಕಾಲ್ನಡಿಗೆ ದಾರಿ ಪೆಸಿಫಿಕ್ ಕ್ರೆಸ್ಟ್ ಟ್ರೈಲ್‌ನ 702ನೇ ಮೈಲಿ, ಕೆನಡಿ ಮೆಡೋಸ್. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಗೆ ಒಟ್ಟು 2,650 ಮೈಲಿ. ಅದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಆಯಿತು. ಇಲ್ಲಿನ ಜನರಲ್ ಸ್ಟೋರ್ ಜಗಲಿಯಲ್ಲಿ ಕೂತವರು ಹೊಸದಾಗಿ ಬಂದವರಿಗೆಲ್ಲ ಚಪ್ಪಾಳೆ ತಟ್ಟುತ್ತಾರೆ. ನನಗೂ ತಟ್ಟಿದರು. ನಾಚಿಕೆಯಾಯಿತು, ಖುಷಿಯೂ ಆಯಿತು. ಆಮೇಲೆ ನಾನೂ ಅಲ್ಲೇ ಕೂತು ಬೇರೆಯವರಿಗೆ ತಟ್ಟಿದೆ.

ಈ ಜಾಗ ಸುಮಾರು 1,860 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930. ಕರ್ನಾಟಕದ ಎತ್ತರ ಎಲ್ಲಿ ಮುಗಿಯುತ್ತದೋ ಹೆಚ್ಚುಕಡಿಮೆ ಅಲ್ಲಿಂದ ಸಿಯೆರಾ ನೆವಾಡ ಬೆಟ್ಟಸಾಲು ಶುರು! ಮುಂದಿರುವ ಫಾರೆಸ್ಟರ್ ಪಾಸ್, ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ, 4,009 ಮೀಟರ್. ಇಡೀ ಟ್ರೈಲ್‌ನಲ್ಲಿ ಅದಕ್ಕಿಂತ ಎತ್ತರದ ಜಾಗ ಇನ್ನೊಂದಿಲ್ಲ.

ಕಾಲಿನ ಚಿಂತೆ ನನಗಿಲ್ಲ. ಸಾವಿರ ಕಿಲೋಮೀಟರ್ ದಾಟಿದ ಕಾಲಿಗೆ ಇನ್ನೇನು ತಯಾರಿ? ಮರುಭೂಮಿಯಲ್ಲಿ ಮುಂದಿನ ನೀರು ಎಲ್ಲಿದೆ, ಎಷ್ಟು ಲೀಟರ್ ಹೊರಬೇಕು ಅನ್ನುವುದೇ ಲೆಕ್ಕವಾಗಿತ್ತು. ಸಿಯೆರಾದಲ್ಲಿ ನೀರು ಬೇಡವೆಂದರೂ ಸಿಗುತ್ತದೆ. ಅಲ್ಲಿ ನೋಡಬೇಕಾದ್ದು ಡಬ್ಬಿಯಲ್ಲಿ ಎಷ್ಟು ಜಾಗ ಇದೆ, ಗಡಿಯಾರದಲ್ಲಿ ಎಷ್ಟು ಗಂಟೆ ಆಗಿದೆ ಅನ್ನುವುದು.

ಡಬ್ಬಿ ಅಂದರೆ ಕರಡಿ ಡಬ್ಬಿ, ಕರಡಿಗೆ ತೆರೆಯಲಾಗದ ಊಟದ ಡಬ್ಬಿ. ಮುಂದಿನ ದಾರಿಯಲ್ಲಿ ಹಲವು ಕಡೆ ಇದು ಕಡ್ಡಾಯ. ನನ್ನದು ಬೇರ್‌ವಾಲ್ಟ್ ಬಿವಿ500. ಗಟ್ಟಿ ಪ್ಲಾಸ್ಟಿಕ್, 11.5 ಲೀಟರ್, ಖಾಲಿಯೇ ಒಂದು ಕೆಜಿ ದಾಟುತ್ತದೆ. ಕರಡಿಗೆ ಬಾಯಿ ಹಾಕಲು ಅಂಚು ಸಿಗದ ಹಾಗೆ ದುಂಡಗಿದೆ. ಮುಚ್ಚಳ ತಿರುಗಿಸುವಾಗ ಪಕ್ಕದ ಉಬ್ಬನ್ನು ಒತ್ತಿ ಹಿಡಿಯಬೇಕು. ಬೆಳಗಿನ ಚಳಿಯಲ್ಲಿ ಮನುಷ್ಯರ ಕೈಗೂ ಬಗ್ಗುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ಊಟದ ಜೊತೆಗೆ ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತಿಂದ ಪೊಟ್ಟಣಗಳ ಕಸ, ಹೀಗೆ ವಾಸನೆ ಬರುವುದೆಲ್ಲ ಅದರೊಳಗೇ ಹೋಗಬೇಕು. ರಾತ್ರಿ ಟೆಂಟ್‌ನಿಂದ ದೂರ ಇಡಬೇಕು. ಕರಡಿ ಉರುಳಿಸಿದರೂ ಹೊಳೆಗೆ ಬೀಳದಂಥ ಜಾಗ ನೋಡಿಕೊಳ್ಳಬೇಕು.

ವೈಫೈ ಸಿಕ್ಕಾಗ ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. "ಕರಡಿಗೆ ಹೆದರಿ ಊಟ ಬಚ್ಚಿಡೋ ಜಾಗಕ್ಕೆ ರಜಾ ಹಾಕಿ ಹೋಗಿದ್ದೀಯಲ್ಲೇ?" ಅಂದಳು. ಒಂದು ಕ್ಷಣ ಬಿಟ್ಟು, "ಹುರಿಹಿಟ್ಟು ಇಟ್ಕೊಂಡಿದ್ದೀಯಾ ತಾನೇ?"

ಇಟ್ಟುಕೊಂಡಿದ್ದೇನೆ. ಇಲ್ಲಿಂದ ಕಿಯರ್‌ಸಾರ್ಜ್ ಪಾಸ್‌ನ ಕವಲಿಗೆ ಸುಮಾರು 140 ಕಿ.ಮೀ. ಅಲ್ಲಿಂದ ಪಾಸ್ ದಾಟಿ ಆನಿಯನ್ ವ್ಯಾಲಿಗೆ ಇಳಿದು ಬಿಷಪ್ ಊರಿಗೆ ಹೋಗಬೇಕು. ನಡುವೆ ಮೌಂಟ್ ವಿಟ್ನಿ ಹತ್ತುವ ಆಸೆ ಬೇರೆ. ಅಂದರೆ ವಾರಕ್ಕೂ ಮೀರಿದ ಊಟ. ಮರುಭೂಮಿಯಲ್ಲಿ ಎಲ್ಲವನ್ನೂ ತೂಕ ನೋಡಿ ಆರಿಸುತ್ತಿದ್ದೆ. ಈಗ ತೂಕಕ್ಕಿಂತ ಗಾತ್ರ ಮುಖ್ಯ. ಚಿಪ್ಸ್ ಔಟ್. ರಾಮೆನ್ ಜಜ್ಜಿ ಪುಡಿ ಮಾಡಿದರೆ ಪಾಸ್. ಟೋರ್ಟಿಯಾ ಡಬ್ಬಿಯ ಗೋಡೆಗೆ ಅಂಟಿಕೊಂಡು ಕೂರುತ್ತದೆ, ಒಳ್ಳೆಯ ಹುಡುಗಿ.

ಎಲ್ಲಕ್ಕಿಂತ ಚೆನ್ನಾಗಿ ಹಿಡಿಸಿದ್ದು ಗೊಜ್ಜವಲಕ್ಕಿ. ಅವಲಕ್ಕಿ ಹಾಗೇ ಹಾಕಿದರೆ ಬರೀ ಗಾಳಿ. ಗೊಜ್ಜವಲಕ್ಕಿಗೆ ಹೇಗೂ ತರಿತರಿಯಾಗಿ ಪುಡಿ ಮಾಡುತ್ತೇವಲ್ಲ, ಅರ್ಧ ಜಾಗ ಉಳಿಯಿತು. ಹೊರಡುವ ಮುಂಚೆ ಮನೆಯಲ್ಲೇ ಹುಣಸೆ ಪುಡಿ, ಬೆಲ್ಲ, ಸಾರಿನ ಪುಡಿ, ಒಣಕೊಬ್ಬರಿ, ಒಗ್ಗರಣೆ ಎಲ್ಲ ಕಲಸಿ ಪೊಟ್ಟಣ ಕಟ್ಟಿಟ್ಟಿದ್ದೆ. ರೂಮ್‌ಮೇಟ್ ಅಂಚೆಗೆ ಹಾಕಿದಳು. ಬಿಸಿನೀರು ಸುರಿದು ಮುಚ್ಚಿಟ್ಟರೆ ಊಟ ರೆಡಿ. 3,300 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಅಲ್ಲಿ ಬೇಳೆ ಬೇಯಿಸಲು ಹೋದರೆ ಗ್ಯಾಸ್ ಖಾಲಿಯಾಗುತ್ತದೆ, ಬೇಳೆ ಹಾಗೇ ಇರುತ್ತದೆ. ಅವಲಕ್ಕಿಗೆ ಆ ತಾಪತ್ರಯ ಇಲ್ಲ.

ಮಿಕ್ಕ ಸಂದಿಗಳಿಗೆಲ್ಲ ಶೇಂಗಾ ಮತ್ತು ತುಪ್ಪ. ಕೊಬ್ಬಿನಲ್ಲಿ ಗ್ರಾಂಗೆ 9 ಕ್ಯಾಲರಿ, ಅಕ್ಕಿ ಸಕ್ಕರೆಯಂಥವುಗಳಲ್ಲಿ 4. ಇಷ್ಟಾದರೂ ಮೊದಲ ಎರಡು ದಿನದ ಊಟ ಡಬ್ಬಿಯ ಹೊರಗೇ ಉಳಿಯಿತು. ಕಡ್ಡಾಯದ ಜಾಗ ಬರುವುದರೊಳಗೆ ಅದನ್ನು ತಿಂದು ಮುಗಿಸಬೇಕು. ಅದು ಕಷ್ಟವಾಗಲಿಕ್ಕಿಲ್ಲ!

ಇನ್ನು ಗಡಿಯಾರ. ಹಿಮ ರಾತ್ರಿ ಗಟ್ಟಿಯಾಗುತ್ತದೆ. ಬೆಳಗ್ಗೆ ಬೂಟಿಗೆ ಮೈಕ್ರೋಸ್ಪೈಕ್ ಅನ್ನುವ ಮುಳ್ಳಿನ ಪಟ್ಟಿ ಕಟ್ಟಿಕೊಂಡರೆ ಮೇಲೆಯೇ ನಡೆಯಬಹುದು. ಬಿಸಿಲೇರಿದ ಮೇಲೆ ಮೆತ್ತಗಾಗಿ ಕಾಲು ತೊಡೆಯವರೆಗೂ ಹೂತುಹೋಗುತ್ತದೆ. ಫಾರೆಸ್ಟರ್‌ನ ತುದಿಗೆ ಸ್ವಲ್ಪ ಕೆಳಗೆ ಕಡಿದಾದ ಹಿಮದ ಕೊರಕಲನ್ನು ಅಡ್ಡ ದಾಟಬೇಕು. ಅಲ್ಲಿ ಬೆಳಗ್ಗೆಯೇ ಇರಬೇಕು.

ಹೊಳೆಗಳದ್ದೂ ಇದೇ ಕಥೆ. ಹಗಲೆಲ್ಲ ಕರಗಿದ ಹಿಮ ಸಂಜೆಗೆ ಹೊಳೆ ತುಂಬಿಸುತ್ತದೆ. ನೀರು ಕಡಿಮೆ ಇರುವುದು ಬೆಳಗಿನ ಜಾವ. 2017ರಲ್ಲಿ ಹಿಮ ವಿಪರೀತವಾಗಿತ್ತು. ಆ ವರ್ಷ ಸಿಯೆರಾದ ಹೊಳೆಗಳಲ್ಲಿ ಈ ಟ್ರೈಲ್‌ನ ಇಬ್ಬರು ತೀರಿಕೊಂಡರು. ನನಗೆ ಪಾಸ್‌ಗಿಂತ ಹೊಳೆಯದ್ದೇ ಜಾಸ್ತಿ ಭಯ.

ಪಾಸ್‌ಗೂ ಬೆಳಗ್ಗೆ ಬೇಕು, ಹೊಳೆಗೂ ಬೆಳಗ್ಗೆ ಬೇಕು. ದಿನಕ್ಕೆ ಇರುವುದು ಒಂದೇ ಬೆಳಗ್ಗೆ. ಹಾಗಾಗಿ ನನ್ನ ಜೊತೆ ಬರುತ್ತಿರುವ ಜರ್ಮನ್ ಹುಡುಗಿಯೂ ನಾನೂ ನಕ್ಷೆ ಹರಡಿಕೊಂಡು ಹೀಗೆ ಗೊತ್ತು ಮಾಡಿದ್ದೇವೆ. ವಾಲೆಸ್ ಕ್ರೀಕ್ ಅನ್ನುವ ಹೊಳೆಯನ್ನು ನಸುಕಿನಲ್ಲೇ ದಾಟುವುದು. ಬಿಗ್‌ಹಾರ್ನ್ ಪ್ರಸ್ಥಭೂಮಿ ಹಾದು, ಟಿಂಡಾಲ್ ಕ್ರೀಕನ್ನು ಬಿಸಿಲೇರುವ ಮೊದಲು ದಾಟಿ ಆಚೆ ದಡದಲ್ಲಿ ಟೆಂಟ್ ಹಾಕುವುದು. ಉಳಿದ ಹಗಲು ಸುಮ್ನೆ ಕೂರುವುದು. ಮಾರನೆಯ ದಿನ ಬೆಳಗಿನ ಜಾವ ಮೂರೂವರೆಗೆ ಎದ್ದು ಫಾರೆಸ್ಟರ್‌ಗೆ. ಹೀಗೆ ಕೂತ ಅರ್ಧ ದಿನಕ್ಕೂ ಹೊಟ್ಟೆ ಊಟ ಕೇಳುತ್ತದೆ. ಡಬ್ಬಿಯಲ್ಲಿ ಜಾಗ ಇದ್ದರೆ ಮಾತ್ರ ಹೊಳೆಯ ಮುಂದೆ ಕಾಯುವ ತಾಳ್ಮೆಯೂ ಇರುತ್ತದೆ. ಊಟ ಖಾಲಿಯಾದವರೇ ಸಂಜೆ ನೀರಿಗೆ ಇಳಿಯುವುದು ಅಂತ ನನ್ನ ಅನುಮಾನ. ಅದಕ್ಕೇ ಒಂದು ದಿನದ ಹೆಚ್ಚುವರಿ ಹುರಿಹಿಟ್ಟನ್ನು ತಳದಲ್ಲಿ ಒತ್ತಿಟ್ಟಿದ್ದೇನೆ.

ಬಿಗ್‌ಹಾರ್ನ್ ಮೇಲೆ ಹಿಮ ಅಳೆಯುವ ಸೆನ್ಸರ್ ಇದೆ. ಅಲ್ಲಿನ ಹಿಮ ಕರಗಿದರೆ ಎಷ್ಟು ನೀರಾಗುತ್ತದೆ ಎಂದು ಅದು ದಿನವೂ ಹೇಳುತ್ತದೆ. ಜಗಲಿಯಲ್ಲಿ ಕೂತವರೆಲ್ಲ ಕ್ರಿಕೆಟ್ ಸ್ಕೋರ್‌ನಂತೆ ಅದನ್ನೇ ನೋಡುತ್ತಾರೆ. ಈ ವಾರ ಗೆರೆ ಬೇಗ ಕೆಳಗಿಳಿಯುತ್ತಿದೆ. ಕೆಲವರು ಕುಣಿದಾಡಿದರು. ನನಗೆ ಅಷ್ಟು ಖುಷಿಯಾಗಲಿಲ್ಲ. ಪಾಸ್ ಮೇಲೆ ಕಡಿಮೆಯಾದ ಹಿಮವೆಲ್ಲ ಹೊಳೆಗೆ ತಾನೇ ಬರಬೇಕು?

ಮಿಕ್ಕ ಸಾಮಾನು: ಐಸ್ ಆಕ್ಸ್, ಕಪ್ಪು ಕನ್ನಡಕ, ದಪ್ಪ ಸಾಕ್ಸ್. ಜಾರಿದಾಗ ಹೊಟ್ಟೆಯ ಮೇಲೆ ಹೊರಳಿ ಆಕ್ಸ್‌ನ ಮೊನೆಯನ್ನು ಹಿಮಕ್ಕೆ ಊರಿ ನಿಲ್ಲಿಸಿಕೊಳ್ಳುವುದನ್ನು ಚಳಿಗಾಲದಲ್ಲಿ ತಾಹೋ ಹತ್ತಿರದ ದಿಬ್ಬದಲ್ಲಿ ಅಭ್ಯಾಸ ಮಾಡಿದ್ದೆ. ಬೇಕೆಂದೇ ಬೀಳುವುದು ಬಲು ಮಜಾ. ಹೊಳೆ ದಾಟುವಾಗ ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಕೊಂಡಿರಬೇಕು, ಬಿದ್ದರೆ ಚೀಲ ಕಳಚಿ ಹಾಕಲು. ಸನ್‌ಸ್ಕ್ರೀನ್ ಮೂಗಿನ ಕೆಳಗೂ ಹಚ್ಚಬೇಕು. ಹಿಮದಿಂದ ಬಿಸಿಲು ಕೆಳಗಿನಿಂದಲೂ ಬರುತ್ತದೆ.

ವಿಟ್ನಿ ಇನ್ನೂ ತೀರ್ಮಾನವಾಗಿಲ್ಲ. 4,421 ಮೀಟರ್. ಅಲಾಸ್ಕಾ ಬಿಟ್ಟರೆ ಅಮೆರಿಕದಲ್ಲೇ ಎತ್ತರದ ಶಿಖರ. ಕ್ರಾಬ್‌ಟ್ರೀ ಮೆಡೋದಲ್ಲಿ ಮಲಗಿ ಎದ್ದಾಗ ತಲೆನೋವು ಇಲ್ಲದಿದ್ದರೆ, ಆಕಾಶ ಚೊಕ್ಕವಾಗಿದ್ದರೆ ಹತ್ತುತ್ತೇನೆ. ಮಧ್ಯಾಹ್ನದ ಗುಡುಗಿಗೆ ಸಿಕ್ಕಿಕೊಳ್ಳುವ ಆಸೆ ನನಗಿಲ್ಲ.

ಬಿಷಪ್‌ಗೆ ಮುಂದಿನ ಪೆಟ್ಟಿಗೆ ಕಳಿಸುವಂತೆ ರೂಮ್‌ಮೇಟ್‌ಗೆ ಬರೆದಿದ್ದೇನೆ. ಕಿಯರ್‌ಸಾರ್ಜ್ ಕವಲಿನಿಂದ ಮುಂದೆ ಊಟ ತುಂಬಿಕೊಳ್ಳುವ ರೆಡ್ಸ್ ಮೆಡೋಗೆ ಸುಮಾರು 190 ಕಿ.ಮೀ., ನಡುವೆ ಗ್ಲೆನ್, ಪಿಂಚೋ, ಮ್ಯಾಥರ್, ಮ್ಯೂರ್ ಪಾಸ್‌ಗಳು. ಡಬ್ಬಿ ಇದೇ, ದಾರಿ ಇನ್ನೂ ಉದ್ದ. ಗೊಜ್ಜವಲಕ್ಕಿ ಡಬಲ್ ಹಾಕು, ಅಮ್ಮ ಕಳಿಸಿದ ಕೋಡುಬಳೆ ನೀನೇ ತಿಂದುಬಿಡು ಎಂದಿದ್ದೇನೆ. ಅದರ ನಡುವಿನ ತೂತಿಗೆ ಕೊಡುವಷ್ಟು ಜಾಗ ನನ್ನ ಹತ್ತಿರ ಇಲ್ಲ.