ಕೆಂಪು, ಕಪ್ಪು, ಹಸಿರು

ರಾತ್ರಿ ನಿದ್ದೆ ಬರದೆ ಸುಮ್ನೆ ಹಳೇ ಫೋಟೋಗಳನ್ನು ನೋಡುತ್ತಿದ್ದೆ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ, 1936. ಕೆಳಗೆ ರಸ್ತೆಯಲ್ಲಿ ಜನ. ಮೇಲೆ ಒಂದು ಆಫೀಸಿನ ಕಿಟಕಿಯಿಂದ ಹೊರಗೆ ಚಾಚಿದ ಕಪ್ಪು ಬಾವುಟ. ಅದರ ಮೇಲೆ ದಪ್ಪ ಬಿಳಿ ಅಕ್ಷರ: 'ನಿನ್ನೆ ಒಬ್ಬ ಮನುಷ್ಯನನ್ನು ಲಿಂಚ್ ಮಾಡಿದರು.' ಗುಂಪು ಸೇರಿ ಕರಿಯರನ್ನು ಕೊಂದ ಸುದ್ದಿ ಬಂದಾಗ ಎನ್‌ಎಎಸಿಪಿ ಎಂಬ, ಕರಿಯರ ಹಕ್ಕುಗಳಿಗಾಗಿ ಹೋರಾಡುವ ಸಂಘದವರು ಇದನ್ನು ಹಾರಿಸುತ್ತಿದ್ದರು. 1938ರಲ್ಲಿ ಆಫೀಸಿನ ಬಾಡಿಗೆ ಕರಾರು ಹೋಗುವ ಬೆದರಿಕೆ ಬಂತು, ನಿಲ್ಲಿಸಬೇಕಾಯಿತು.

ಅದೇ ಊರಿನಲ್ಲಿ 1920ರ ಆಗಸ್ಟ್‌ನಲ್ಲಿ ಕರಿಯರ ನಾಯಕ ಮಾರ್ಕಸ್ ಗಾರ್ವಿಯ ಸಂಘ ಇನ್ನೊಂದು ಬಾವುಟವನ್ನು ತಮ್ಮದೆಂದು ಸಾರಿತ್ತು. ಕೆಂಪು ಸುರಿದ ರಕ್ತಕ್ಕೆ, ಕಪ್ಪು ತಮ್ಮ ಜನಕ್ಕೆ, ಹಸಿರು ಆಫ್ರಿಕಾದ ನೆಲಕ್ಕೆ. ಎಲ್ಲ ಜನಾಂಗಕ್ಕೂ ಬಾವುಟವಿದೆ, ಕರಿಯರಿಗೆ ಮಾತ್ರ ಇಲ್ಲ ಅಂತ ಅದಕ್ಕೂ ಮುಂಚೆ ಅಮೆರಿಕದಲ್ಲಿ ಹಾಡು ಕಟ್ಟಿ ಅಣಕಿಸಿದ್ದರು. ಯಾವ ಬಣ್ಣಕ್ಕಾಗಿ ಅವಮಾನ ಮಾಡಿದರೋ ಅದನ್ನೇ ನಟ್ಟನಡುವೆ ಇಟ್ಟುಕೊಂಡರಲ್ಲ! ಎದೆ ತುಂಬಿ ಬಂತು.

1957ರಲ್ಲಿ ಸ್ವತಂತ್ರವಾದ ಘಾನಾದ ಬಾವುಟದಲ್ಲೂ ಕಪ್ಪು ನಕ್ಷತ್ರವಿದೆ. ಗಾರ್ವಿಯ ಹಡಗು ಕಂಪನಿಯ ಹೆಸರೂ ಬ್ಲ್ಯಾಕ್ ಸ್ಟಾರ್.

ಮತ್ತೆ ಆ ಫೋಟೋಗೇ ಬಂದೆ. ಕೆಳಗಿರುವ ಜನರಲ್ಲಿ ಯಾರಾದರೂ ತಲೆಯೆತ್ತಿ ನೋಡುತ್ತಿದ್ದಾರಾ ಅಂತ ಜೂಮ್ ಮಾಡಿ ಹುಡುಕುತ್ತಾ ಕೂತೆ.