ಮುಳ್ಳು ಹಸಿರಿನ್ಯಾಗ ಇತ್ತು

ಇಳಕಲ್ ಹತ್ತಿರದ ಗ್ರಾನೈಟ್ ಕ್ವಾರಿ, ಬೆಳಗಿನ ಆರೂವರೆ. ರಾತ್ರಿಯಿಡೀ ನಿಂತಿದ್ದ ಎಕ್ಸ್‌ಕವೇಟರ್‌ನ ಎಂಜಿನ್ ಮುಟ್ಟಿದರೆ ತಣ್ಣಗಿತ್ತು. ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ಲ್ಯಾಪ್‌ಟಾಪ್ ಜೋಡಿಸಿದೆ. ಒಳಗೆ ಬರುವ ಗಾಳಿ 19 ಡಿಗ್ರಿ, ಡೀಸೆಲ್ 20 ಡಿಗ್ರಿ, ಎಂಜಿನ್ ತಂಪಾಗಿಡುವ ಕೂಲೆಂಟ್ 79.

ತಣ್ಣಗಾದ ಎಂಜಿನ್‌ನಲ್ಲಿ ಈ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕೂಲೆಂಟ್ ಮಾತ್ರ ಬಿಸಿ ಇರಲು ಸಾಧ್ಯವಿಲ್ಲ. ಬಿಳಿ ಹೊಗೆ, ನೀರು ಕಮ್ಮಿಯಾಗ್ತದ, ಗಾಡಿ ಎಳೆಯಂಗಿಲ್ಲ ಎಂದು ನನ್ನನ್ನು ಕರೆಸಿದ್ದರು. ಚಾಲ್ತಿಯಲ್ಲಿ ಒಂದೂ ಫಾಲ್ಟ್ ಕೋಡ್ ಇರಲಿಲ್ಲ. ಹಳೆಯ ಪಟ್ಟಿಯಲ್ಲಿ ಮಾತ್ರ ಒಂದು ಉಳಿದಿತ್ತು: ಎಸ್‌ಪಿಎನ್ 110, ಎಫ್‌ಎಂಐ 3. ಮೊದಲ ಅಂಕಿ ಯಾವ ಅಳತೆ, ಎರಡನೆಯದು ಏನು ದೋಷ ಎಂದು ಹೇಳುತ್ತದೆ. 110 ಎಂದರೆ ಕೂಲೆಂಟ್‌ನ ಉಷ್ಣತೆ. 3 ಎಂದರೆ ವೋಲ್ಟೇಜ್ ಮಿತಿ ಮೀರಿ ಮೇಲಿದೆ. ಇಂಥ ಸೆನ್ಸರ್‌ನಲ್ಲಿ ಇದು ಬಂದರೆ ಮೊದಲು ನೋಡಬೇಕಾದದ್ದು ವೈರ್ ಕಡಿದಿದೆಯೇ, ಕನೆಕ್ಟರ್ ಬಿಟ್ಟಿದೆಯೇ ಎಂದು. ಬಹಳ ಜನ ಮೊದಲ ಅಂಕಿ ಓದಿ ಸೆನ್ಸರ್ ತರಿಸುತ್ತಾರೆ, ಎರಡನೆಯದನ್ನು ಓದುವುದೇ ಇಲ್ಲ.

ವೈರ್ ಹಿಡಿದು ಹೋದೆ. ಇನ್ಸುಲೇಷನ್ ಟೇಪ್ ಬಿಚ್ಚಿದಾಗ ಕಂಡದ್ದು ಒಂದು ಪುಟ್ಟ ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆ ಒಡ್ಡುವ ಬಿಡಿಭಾಗ. ಕಿತ್ತಳೆ, ಕಿತ್ತಳೆ, ಕಂದು ಪಟ್ಟಿ: 330 ಓಮ್. ಈ ಬಗೆಯ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಕಿಲೋ ಓಮ್ ತೋರಿಸುತ್ತದೆ, ಬಿಸಿ ಏರಿದಂತೆ ಇಳಿಯುತ್ತ 80 ಡಿಗ್ರಿಗೆ 320ರ ಆಸುಪಾಸಿಗೆ ಬರುತ್ತದೆ. ಯಾರೋ ಲೆಕ್ಕ ಹಾಕಿಯೇ ಸೆನ್ಸರ್ ಬಿಡಿಸಿ ಇದನ್ನು ಕೂರಿಸಿದ್ದರು. ಬೆಸುಗೆ ಅಚ್ಚುಕಟ್ಟಾಗಿತ್ತು. ಅಷ್ಟು ಬಲ್ಲ ಕೈ ಕನೆಕ್ಟರ್‌ನ ಪಿನ್ ತಿಕ್ಕಿ ಬಿಗಿ ಮಾಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸೆನ್ಸರ್ ಬಿಚ್ಚಿ ಹಳೇ ಡಬ್ಬಿಯಲ್ಲಿ ಕುದಿಯುವ ನೀರಿಗೆ ಅದ್ದಿ ಮೀಟರ್ ಹಿಡಿದೆ. 190 ಓಮ್ ಹತ್ತಿರಕ್ಕೆ ಇಳಿಯಿತು. ಏನೂ ಆಗಿರಲಿಲ್ಲ ಅದಕ್ಕೆ. ಕಲ್ಲಿನ ಪುಡಿ, ವಾಟರ್ ವಾಶ್‌ನ ನೀರು ಸೇರಿ ಒಂದು ಪಿನ್ ಹಸಿರುಗಟ್ಟಿತ್ತು, ಅಷ್ಟೇ.

ರೆಸಿಸ್ಟರ್ ಬಿಸಿಯನ್ನು ಮುಚ್ಚಿಟ್ಟದ್ದಷ್ಟೇ ಅಲ್ಲ, ಬಿಸಿ ಏರಲು ಕಾರಣವೂ ಅದೇ. ಈ ಯಂತ್ರದಲ್ಲಿ ರೇಡಿಯೇಟರ್ ಫ್ಯಾನ್ ಎಷ್ಟು ಜೋರಾಗಿ ತಿರುಗಬೇಕೆಂದು ಎಂಜಿನ್ ಕಂಪ್ಯೂಟರ್ ಆದ ಇಸಿಎಂ ತೀರ್ಮಾನಿಸುವುದು ಈ ಸೆನ್ಸರ್ ನೋಡಿಕೊಂಡೇ. ಸೆನ್ಸರ್ ಸಿಗದಿದ್ದರೆ ಅದು ಫ್ಯಾನ್ ಪೂರ್ತಿ ಓಡಿಸಿ ಪವರ್ ತಗ್ಗಿಸಿ ಎಂಜಿನ್ ಕಾಪಾಡುತ್ತದೆ. 79 ಎಂದು ಕೇಳಿಸಿಕೊಂಡರೆ ಸುಮ್ಮನಿರುತ್ತದೆ, ಕ್ಯಾಬಿನ್ ಮೀಟರಿನ ಮುಳ್ಳೂ ಹಸಿರು ಪಟ್ಟಿಯಲ್ಲೇ ನಿಲ್ಲುತ್ತದೆ. ಮೇಲೆ ಬಿಸಿಲು, ರೇಡಿಯೇಟರ್ ತುಂಬ ಕಲ್ಲಿನ ಧೂಳು. ಎಂಜಿನ್ ಮತ್ತು ಅದರ ಮೇಲಿನ ಹೆಡ್ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿ, ಹೆಡ್ ಸೊಟ್ಟಾಗಿ, ಆಯಿಲ್ ಹಾಲು ಬೆರೆಸಿದ ಚಹಾದಂತಾಗಿತ್ತು.

ಮಾಲೀಕರಿಗೆ ರೆಸಿಸ್ಟರ್ ತೋರಿಸಿದೆ. “ಕೆಂಪು ಲೈಟ್ ಹೋತಲ್ರೀ ಅವತ್ತು, ಗಾಡಿನೂ ಚಲೋ ಎಳೀತು. ಮತ್ತ ರಿಪೇರಿ ಆದಂಗಲ್ಲೇನ್ರೀ?” ಎಂದು ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು. ಕಂತಿನ ಸಾಲದ ಗಾಡಿ, ಒಂದು ದಿನ ನಿಂತರೂ ನಷ್ಟ. ಅದು ನನಗೂ ಅರ್ಥವಾಗುತ್ತದೆ. ಆದರೆ ಮರುಕ್ಷಣವೇ ಆಪರೇಟರ್ ಕಡೆ ತಿರುಗಿ, ಹೆಲ್ಪರ್ ಹುಡುಗರ ಎದುರಿಗೇ “ನೀನ ಸುಟ್ಟಿ ಎಂಜಿನ್” ಎಂದು ಕೂಗಿದ್ದು ನನಗೆ ಸಹಿಸಲಾಗಲಿಲ್ಲ.

ಆಪರೇಟರ್ ನನಗಿಂತ ಹಿರಿಯರು, ಯಂತ್ರದಲ್ಲಿ ಪರದೆಗಳಿಲ್ಲದ ಕಾಲದಿಂದ ಲಿವರ್ ಹಿಡಿದವರು. ಎದುರು ಮಾತಾಡಲಿಲ್ಲ. ಆಮೇಲೆ ನನ್ನ ಹತ್ತಿರ ಬಂದು, “ವಾಸನಿ ಬಂದಿತ್ತರೀ ಸಾಹೇಬ್ರ. ಆದ್ರ ಮುಳ್ಳು ಹಸಿರಿನ್ಯಾಗ ಇತ್ತು” ಎಂದರು.

ವಾಸನಿ ಬಂದಿತ್ತರೀ. ಆದ್ರ ಮುಳ್ಳು ಹಸಿರಿನ್ಯಾಗ ಇತ್ತು. ವಾರವಿಡೀ ಈ ಮಾತು ತಲೆಯಲ್ಲೇ ಇದೆ. ಅಂದಾಜಿನ ಮೇಲೆ ನಡೆಸಬೇಡಿ, ಮೀಟರ್ ನೋಡಿ ನಡೆಸಿ ಎಂದು ಆಪರೇಟರ್‌ಗಳಿಗೆ ಹೇಳಿಕೊಟ್ಟವರು ನಮ್ಮಂಥವರೇ. ಅವರು ಹಾಗೇ ನಡೆಸಿದರು. ಹಳೆಯ ಗಾಡಿಯಾಗಿದ್ದರೆ ಆ ವಾಸನೆಗೇ ಬಕೆಟ್ ನೆಲಕ್ಕಿಟ್ಟು ಕೆಳಗಿಳಿಯುತ್ತಿದ್ದರು. ಸೆನ್ಸರ್ ಅಳೆಯುವುದು ತಾನಿರುವ ಒಂದು ಜಾಗವನ್ನು ಮಾತ್ರ. ಯಾರೂ ಕೈ ಹಾಕದಿದ್ದರೂ, ಕೂಲೆಂಟ್ ಸೋರಿ ಮಟ್ಟ ಇಳಿದರೆ ಅದರ ತುದಿ ಬರೀ ಹಬೆಯಲ್ಲಿ ಉಳಿದು ತಪ್ಪು ತೋರಿಸಬಹುದು. ಆಗ ಎಂಜಿನ್‌ಗೆ ಉಳಿದಿರುವುದು ಕ್ಯಾಬಿನ್‌ನಲ್ಲಿ ಕೂತವನ ಮೂಗು, ಕಿವಿ. ಅವುಗಳಿಗೆ ಬೆಲೆಯಿಲ್ಲ ಎಂದು ಅವನೇ ನಂಬುವಂತೆ ಮಾಡಿಬಿಟ್ಟರೆ ಆಮೇಲೆ ಎಷ್ಟು ಸೆನ್ಸರ್ ಹಾಕಿ ಏನು ಪ್ರಯೋಜನ? ಕೆಂಪು ಲೈಟ್ ಬಂದಾಗ ಸೈಟ್‌ನಲ್ಲಿ ಕೇಳುವ ಮೊದಲ ಪ್ರಶ್ನೆ ಅದನ್ನು ಹೇಗೆ ಆರಿಸುವುದು ಎಂದು. ನಿನಗೇನನ್ನಿಸ್ತು ಎಂದು ಆಪರೇಟರ್‌ನನ್ನು ಕೇಳುವವರಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ಗ್ಯಾಸ್ಕೆಟ್ ಖರ್ಚನ್ನು ಆಪರೇಟರ್ ಪಗಾರದಲ್ಲಿ ಮುರಿದುಕೊಳ್ಳುತ್ತೇನೆ ಎಂದಿದ್ದಾರೆ ಮಾಲೀಕರು. ನಾನು ರಿಪೋರ್ಟ್ ಕನ್ನಡದಲ್ಲೇ ಬರೆದೆ: ಸೆನ್ಸರ್ ಬದಲು ರೆಸಿಸ್ಟರ್ ಜೋಡಿಸಿದ್ದರಿಂದ ಮೀಟರ್ ತಪ್ಪು ತೋರಿಸಿದೆ, ಇದರಲ್ಲಿ ಆಪರೇಟರ್ ತಪ್ಪಿಲ್ಲ. ಫೋಟೋ ಲಗತ್ತಿಸಿ ಸಹಿ ಹಾಕಿದ್ದೇನೆ. ಸೋಮವಾರ ಮಷಿನ್ ಶಾಪ್‌ನಿಂದ ಹೆಡ್ ಬರುತ್ತದೆ. ಪಗಾರದ ಮಾತು ಇತ್ಯರ್ಥವಾದ ಮೇಲೆಯೇ ಎಂಜಿನ್‌ಗೆ ಕೈ ಹಚ್ಚುತ್ತೇನೆ ಎಂದು ಮಾಲೀಕರಿಗೆ ಫೋನ್ ಮಾಡಿ ಹೇಳಿದ್ದೇನೆ.